ತುರ್ತು ಬಾಗಿಲಿಗೆ ಬೀಗ ಬಿದ್ದದ್ದು ಹೇಗೆ?

ದೊಡ್ಡ ಬೆಂಕಿ ಅವಘಡ ಆಗಿ ಎರಡು ಮೂರು ದಿನ ಕಳೆದ ಮೇಲೆ ಬರುವ ಸುದ್ದಿ ಬಹಳ ಸಲ ಒಂದೇ: ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿತ್ತು. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಲೈಸೆನ್ಸ್, ತಪಾಸಣೆ, ಕೋರ್ಟು ಎಲ್ಲ ಸೇರಿ ವಿಷಯ ಗೋಜಲಾಗಿದೆ. ಆ ಬೀಗವನ್ನೇ ಹಿಡಿದು ಹಿಂದಕ್ಕೆ ಹೋದರೆ ಸ್ವಲ್ಪ ಬಿಡಿಸಿಕೊಳ್ಳಬಹುದು.

1903ರ ಡಿಸೆಂಬರ್‌ನಲ್ಲಿ ಷಿಕಾಗೋದ ಇರೊಕ್ವಾ ಥಿಯೇಟರ್‌ಗೆ ಬೆಂಕಿ ಬಿತ್ತು. 602 ಜನ ಸತ್ತರು. ಕಡಿಮೆ ದರದ ಟಿಕೆಟ್‌ನವರು ದುಬಾರಿ ಸೀಟಿಗೆ ನುಸುಳಬಾರದು ಅಂತ ಮೆಟ್ಟಿಲ ಗೇಟುಗಳಿಗೆ ಬೀಗ ಹಾಕಿದ್ದರು. ಕೆಲವು ಬಾಗಿಲುಗಳು ಪರದೆ ಹಿಂದೆ ಅಡಗಿದ್ದವು. ದೇಹದ ಭಾರಕ್ಕೇ ತೆರೆದುಕೊಳ್ಳುವ ಅಡ್ಡಪಟ್ಟಿಯ 'ಪ್ಯಾನಿಕ್ ಬಾರ್' ಅಮೆರಿಕದಲ್ಲಿ ಬಳಕೆಗೆ ಬಂದದ್ದು ಈ ದುರಂತದ ನಂತರ. ಇವತ್ತು ಮಾಲ್‌ಗಳಲ್ಲಿ ನಾವು ತಳ್ಳುವುದು ಅದನ್ನೇ. 1911ರಲ್ಲಿ ನ್ಯೂಯಾರ್ಕಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ 146 ಜನ ಸತ್ತರು. ಅಲ್ಲಿ ಬೀಗಕ್ಕೆ ಕಾರಣ ಬಟ್ಟೆ ಕದ್ದಾರು ಅನ್ನುವ ಭಯ. ಆಮೇಲಿನ ದಶಕಗಳಲ್ಲಿ ಕಾನೂನುಗಳು ಬಂದವು, ಹೊರದಾರಿ ತೋರಿಸುವ, ಓಡುವ ಮನುಷ್ಯನ ಹಸಿರು ಚಿತ್ರವೂ ಜಪಾನಿನಿಂದ ಬಂತು.

ನಮ್ಮ ದೇಶದ ಕಥೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ದೆಹಲಿಯ ಉಪಹಾರ್ ಚಿತ್ರಮಂದಿರದ ಬಳಿ ನಿಲ್ಲಲೇಬೇಕು. 1997ರ ಜೂನ್ 13, ಮಧ್ಯಾಹ್ನದ ಆಟ. ನೆಲಮಹಡಿಯ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿದ ಬೆಂಕಿಯ ಹೊಗೆ ಮೆಟ್ಟಿಲು ಹಿಡಿದು ಬಾಲ್ಕನಿಗೆ ಏರಿತು. ಜ್ವಾಲೆ ಅಲ್ಲಿಗೆ ಬರಲೇ ಇಲ್ಲ. ಉಸಿರು ಕಟ್ಟಿಯೇ ಜನ ಹೋದರು, ಒಟ್ಟು 59.

ಈ ಕಥೆ ಶುರುವಾಗುವುದು ಅದಕ್ಕೂ 21 ವರ್ಷ ಮೊದಲು. 1976ರಲ್ಲಿ ಹೆಚ್ಚುವರಿ ಸೀಟಿಗೆ ಅನುಮತಿ ಸಿಕ್ಕಿತು. 1979ರಲ್ಲಿ ಆ ಅನುಮತಿ ರದ್ದಾಯಿತು. ವಿಷಯ ಕೋರ್ಟಿಗೆ ಹೋಗಿ, ಬಾಲ್ಕನಿಯ ಹೆಚ್ಚುವರಿ ಸೀಟುಗಳಲ್ಲಿ ಜಾಸ್ತಿ ಪಾಲು ಹಾಗೇ ಉಳಿಯಿತು. ಬಲಗಡೆಯ ನಡೆದಾಡುವ ಜಾಗ ಮುಚ್ಚಿತು. ಎಂಟು ಸೀಟಿನ ಬಾಕ್ಸ್ ಒಂದು ಕಟ್ಟಿದಾಗ ಆ ಬದಿಯ ಬಾಗಿಲೂ ಹೋಯಿತು. ಬೆಂಕಿ ಬಿದ್ದ ದಿನ ಬಾಲ್ಕನಿಯ ಇನ್ನೊಂದು ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಂದೊಂದು ಬದಲಾವಣೆಗೂ ಒಂದೊಂದು ಕಾಗದ ಇತ್ತು, ಪ್ರತಿ ಕಾಗದದ ಹಿಂದೆ ಮಾಮೂಲಿ ಅನ್ನಿಸುವ ಒಂದು ಕಾರಣ ಇತ್ತು. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲಿಯೇ.

ಬೆಂಗಳೂರಿಗೂ ಇದು ಹೊಸದಲ್ಲ. 1981ರ ವೀನಸ್ ಸರ್ಕಸ್ ಬೆಂಕಿಯಲ್ಲಿ 92 ಜನ ಹೋದರು, ಬಹುಪಾಲು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದರು. ಸತ್ತವರ ಮನೆಯವರು, ಗೆಳೆಯರು ಸೇರಿ 'ಬಿಯಾಂಡ್ ಕಾರ್ಲ್‌ಟನ್' ಅನ್ನುವ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ಇಂದಿಗೂ ದುಡಿಯುತ್ತಿದ್ದಾರೆ.

ತುರ್ತು ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕಳ್ಳರ ಭಯ ಸುಳ್ಳಲ್ಲ, ಅದಕ್ಕೂ ದಾರಿ ಇದೆ. ತಳ್ಳಿದ ಕೂಡಲೇ ಅಲಾರಂ ಹೊಡೆಯುವ ಬಾಗಿಲುಗಳಿವೆ. ಫೈರ್ ಅಲಾರಂ ಆದ ತಕ್ಷಣ ತಾನೇ ಬಿಟ್ಟುಕೊಳ್ಳುವ ವಿದ್ಯುತ್ ಬೀಗಗಳಿವೆ. ಅಪಾರ್ಟ್‌ಮೆಂಟ್ ಸಂಘದವರು ಮುಂದಿನ ಮೀಟಿಂಗಿನಲ್ಲಿ ಬೀಗ ಬಿದ್ದ ಟೆರೇಸ್ ಬಾಗಿಲಿನ ಮಾತು ಎತ್ತಬಹುದು, ಅಲ್ವಾ? ಮೆಟ್ಟಿಲ ಕೆಳಗೆ ಪೇರಿಸಿಟ್ಟ ಹಳೆ ಸೋಫಾ, ಸೈಕಲ್ಲುಗಳ ಮಾತನ್ನೂ ಜೊತೆಗೇ ಎತ್ತಲಿ.