ಅಡುಗೆ ಎಣ್ಣೆಯ ಸುಂಕ: ಅಂಗಡಿಗೆ ಬೇಗ ಮುಟ್ಟುತ್ತದೆ, ಹೊಲಕ್ಕೆ ಮುಟ್ಟುವುದೇ ಇಲ್ಲ

2024ರ ಸೆಪ್ಟೆಂಬರ್ 14ರಂದು ಕಚ್ಚಾ ಪಾಮ್, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಶೇ 5ರ ಕೃಷಿ ಸೆಸ್, ಇವೆರಡರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಎಲ್ಲ ಕೂಡಿ ಶೇ 5.5 ಇದ್ದ ಹೊರೆ ಒಮ್ಮೆಲೇ ಶೇ 27.5 ಆಯಿತು. ದಸರಾ, ದೀಪಾವಳಿ ಎದುರಿಗೇ ಇದ್ದವು. ಹಳೆಯ ಸುಂಕದಲ್ಲಿ ತಂದ ಸುಮಾರು 30 ಲಕ್ಷ ಟನ್ ಎಣ್ಣೆ ದೇಶದಲ್ಲಿದೆ, 45–50 ದಿನಕ್ಕೆ ಸಾಕಾಗುತ್ತದೆ, ಅದು ಮುಗಿಯುವವರೆಗೆ ಎಂಆರ್‌ಪಿ ಏರಿಸಬೇಡಿ ಎಂದು ಸರ್ಕಾರ ಕಂಪನಿಗಳಿಗೆ ಹೇಳಿತು. ಆದರೂ ಬೆಲೆ ಏರಿತು.

ಇದಕ್ಕೆ ಕಾರಣ ವ್ಯಾಪಾರದ ಲೆಕ್ಕಾಚಾರದಲ್ಲೇ ಇದೆ. ಸಗಟು ವರ್ತಕ ಗೋದಾಮಿನಲ್ಲಿರುವ ಸರಕಿಗೆ ತಾನು ಕೊಟ್ಟ ಹಣ ನೋಡಿ ದರ ಕಟ್ಟುವುದಿಲ್ಲ. ಅದನ್ನು ಮಾರಿ ಮುಂದಿನ ಸರಕು ತರಲು ಎಷ್ಟು ಬೇಕು ಎಂದು ನೋಡುತ್ತಾನೆ. ಹಾಗಾಗಿ ಸುಂಕ ಏರಿದ ಸುದ್ದಿ ಹಡಗಿಗಿಂತ ಮೊದಲೇ ಅಂಗಡಿ ತಲುಪುತ್ತದೆ. ಸುಂಕ ಇಳಿದಾಗ ಮಾತ್ರ ‘ದುಬಾರಿಗೆ ತಂದ ಹಳೇ ಸ್ಟಾಕ್ ಇನ್ನೂ ಇದೆ’ ಎಂಬ ಉತ್ತರ ಬರುತ್ತದೆ.

ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಪಾಮ್ ಇಂಡೊನೇಷ್ಯಾ, ಮಲೇಷ್ಯಾದಿಂದ, ಸೋಯಾ ಅರ್ಜೆಂಟೀನಾ, ಬ್ರೆಜಿಲ್‌ನಿಂದ, ಸೂರ್ಯಕಾಂತಿ ರಷ್ಯಾ, ಉಕ್ರೇನ್‌ನಿಂದ ಬರುತ್ತದೆ. ಪರಿಸ್ಥಿತಿ ಮೊದಲಿನಿಂದ ಹೀಗೇ ಇರಲಿಲ್ಲ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾದಾಗ ಆಮದು ಸರ್ಕಾರದ ಹಿಡಿತದಲ್ಲಿತ್ತು, ಬೆಳೆಗಾರನಿಗೆ ಬೆಲೆಯ ಭರವಸೆ ಇತ್ತು. ತೊಂಬತ್ತರ ದಶಕದ ಆರಂಭಕ್ಕೆ ದೇಶ ಬಹುಪಾಲು ತನ್ನ ಎಣ್ಣೆಯನ್ನು ತಾನೇ ಬೆಳೆದುಕೊಳ್ಳುತ್ತಿತ್ತು. ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ರಾಯಚೂರು, ಬಳ್ಳಾರಿ, ಕೊಪ್ಪಳ, ಗದಗ, ಚಿತ್ರದುರ್ಗದ ಹೊಲಗಳು ಸೂರ್ಯಕಾಂತಿಯಿಂದ ತುಂಬಿದ್ದ ವರ್ಷಗಳವು.

1994ರಲ್ಲಿ ಪಾಮೋಲಿನ್ ಆಮದು ಶೇ 65 ಸುಂಕದೊಂದಿಗೆ ಖಾಸಗಿಯವರಿಗೆ ಮುಕ್ತವಾಯಿತು. 1998ರ ಹೊತ್ತಿಗೆ ಆ ಸುಂಕ ಶೇ 15ಕ್ಕೆ ಇಳಿದಿತ್ತು. ಕೊಳ್ಳುವವರಿಗೆ ಇದರಿಂದ ನಿಜವಾದ ಲಾಭವಾಯಿತು, ಬಡವರ ಬಾಣಲೆಗೂ ಎಣ್ಣೆ ಬಿತ್ತು. ಅದನ್ನು ಮರೆತು ಬರೆಯುವುದು ಅನ್ಯಾಯ. ಆದರೆ ಅಗ್ಗದ ಪಾಮ್ ಎದುರು ಸೂರ್ಯಕಾಂತಿ ಬೆಳೆಗಾರನ ಬೆಲೆ ನಿಲ್ಲಲಿಲ್ಲ. 1997ರಲ್ಲಿ ಬಾಗೇಪಲ್ಲಿಯ ಕಡೆ ಮೊದಲು ಕಂಡ ನೆಕ್ರೋಸಿಸ್ ನಂಜುರೋಗವೂ ಅದೇ ಕಾಲಕ್ಕೆ ಬೆಳೆಯ ಮೇಲೆ ಬಿತ್ತು. ಎಲ್ಲವನ್ನೂ ಸುಂಕದ ತಲೆಗೆ ಕಟ್ಟಲಾಗದು. ಆದರೆ ರೋಗಕ್ಕೆ ಹೊಸ ತಳಿ ಬರುತ್ತದೆ. ಕೈಗೆ ಸಿಗುವ ದರದ ಮೇಲೆ ನಂಬಿಕೆ ಹೋದರೆ ರೈತ ಮೆಕ್ಕೆಜೋಳಕ್ಕೋ ಹತ್ತಿಗೋ ತಿರುಗುತ್ತಾನೆ. ತೊಂಬತ್ತರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ಮೀರಿದ್ದ ಸೂರ್ಯಕಾಂತಿ ಈಗ ಅದರ ಒಂದು ಚೂರು ಮಾತ್ರ.

ಮುಂದಿನದು ಏರಿಳಿತದ ಕಥೆ. 2008ರ ಏಪ್ರಿಲ್‌ನಲ್ಲಿ, ಜಗತ್ತಿನಲ್ಲೆಲ್ಲ ಆಹಾರದ ಬೆಲೆ ಏರಿದ್ದಾಗ, ಕಚ್ಚಾ ಎಣ್ಣೆಗಳ ಸುಂಕವನ್ನು ಸೊನ್ನೆ ಮಾಡಲಾಯಿತು. ಅದೇ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಬೆಲೆ ಕುಸಿಯಿತು. ಆದರೆ ಕಚ್ಚಾ ಪಾಮ್ ಮೇಲೆ ಸುಂಕ ಮತ್ತೆ ಬಂದದ್ದು 2013ರಲ್ಲಿ, ಅದೂ ಶೇ 2.5. 2018ರ ಮಾರ್ಚ್‌ನಲ್ಲಿ ಕಚ್ಚಾ ಪಾಮ್ ಮೇಲಿನ ಸುಂಕ ಶೇ 44 ಮುಟ್ಟಿತ್ತು. 2021ರ ಅಕ್ಟೋಬರ್‌ನಲ್ಲಿ ಮೂಲ ಸುಂಕ ಮತ್ತೆ ಸೊನ್ನೆ, ಜೊತೆಗೆ ವರ್ತಕರ ದಾಸ್ತಾನಿಗೆ ಮಿತಿ. ಡಿಸೆಂಬರ್‌ನಲ್ಲಿ ಸೋಯಾ, ಸಾಸಿವೆ, ಪಾಮ್‌ಗಳ ವಾಯಿದಾ ವಹಿವಾಟಿಗೂ (ಮುಂದೆ ಕೊಡುವ ಸರಕಿಗೆ ಈಗಲೇ ದರ ಕಟ್ಟುವ ವ್ಯಾಪಾರ) ತಡೆ ಬಿತ್ತು. ಇಷ್ಟಾದರೂ 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ, ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ಪಾಮ್ ರಫ್ತನ್ನೇ ನಿಲ್ಲಿಸಿದಾಗ, ಬೆಲೆ ದೆಹಲಿಯ ಕೈಯಲ್ಲಿರಲಿಲ್ಲ. ಮೂಲ ಸುಂಕ ಮೊದಲೇ ಸೊನ್ನೆಗೆ ಬಂದಿದ್ದರೆ ಇನ್ನೂ ಇಳಿಸಲು ಉಳಿಯುವುದೇನು?

2024ರ ಏರಿಕೆಯ ಉದ್ದೇಶ ಸೋಯಾ ರೈತನನ್ನು ಕಾಯುವುದು. ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆ ಸಿಗುತ್ತಿತ್ತು. ಸುಂಕ ಏರಿದ ಮೇಲೂ ಮಾರುಕಟ್ಟೆಯಲ್ಲಿ ಬೆಂಬಲ ಬೆಲೆ ಸಿಗಲಿಲ್ಲ. ಸೋಯಾ ಕಾಳಿನಲ್ಲಿ ಎಣ್ಣೆಯ ಅಂಶ ಐದನೇ ಒಂದು ಭಾಗಕ್ಕಿಂತ ಕಡಿಮೆ, ಉಳಿದದ್ದು ಬಹುಪಾಲು ಹಿಂಡಿ. ಹಿಂಡಿಯ ದರ ಬಿದ್ದರೆ ಎಣ್ಣೆಯ ಸುಂಕ ಕಾಳನ್ನು ಎತ್ತಿ ನಿಲ್ಲಿಸದು. ಅಂದರೆ ಬೀದರ್‌ನ ಸೋಯಾ ಬೆಳೆಗಾರ ಮಾರುವಾಗ ಕಡಿಮೆ ಪಡೆದ, ಎಣ್ಣೆ ಕೊಳ್ಳುವಾಗ ಹೆಚ್ಚು ಕೊಟ್ಟ. ಈ ಪದ್ಧತಿಯಲ್ಲಿ ನನಗೆ ಅತ್ಯಂತ ನೋವಿನ ಸಂಗತಿ ಇದೇ.

ಸುಂಕದ ಗೋಡೆ ಎತ್ತರವಾದಾಗ ಪಕ್ಕದ ಬಾಗಿಲೂ ತೆರೆದುಕೊಂಡಿತು. ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರದ ಸಾಫ್ಟಾ ಒಪ್ಪಂದದಡಿ ನೇಪಾಳದಿಂದ ಬರುವ ಎಣ್ಣೆಗೆ ಸುಂಕವಿಲ್ಲ. ಸೋಯಾ ಹೆಚ್ಚು ಬೆಳೆಯದ ಆ ದೇಶದಿಂದ ಸಂಸ್ಕರಿಸಿದ ಸೋಯಾ ಎಣ್ಣೆ ಭಾರಿ ಪ್ರಮಾಣದಲ್ಲಿ ಬರತೊಡಗಿತು. ಕಚ್ಚಾ ಎಣ್ಣೆ ಅಲ್ಲಿಗೂ ಹೊರದೇಶದಿಂದಲೇ ಬಂದಿತ್ತು.

2025ರ ಮೇ 28ರಂದು ಕೇಂದ್ರ ಸಂಪುಟ ಸೂರ್ಯಕಾಂತಿಯ ಬೆಂಬಲ ಬೆಲೆಯನ್ನು 7,280ರಿಂದ 7,721 ರೂಪಾಯಿಗೆ ಏರಿಸಿತು. ಎರಡೇ ದಿನಕ್ಕೆ, 30ರಂದು, ಸೂರ್ಯಕಾಂತಿಯೂ ಸೇರಿ ಕಚ್ಚಾ ಎಣ್ಣೆಗಳ ಮೂಲ ಸುಂಕ ಶೇ 20ರಿಂದ 10ಕ್ಕೆ ಇಳಿಯಿತು. ಮುಂಗಾರು ಬಿತ್ತನೆಗೆ ಏನು ಹಾಕುವುದೆಂದು ರೈತರು ಯೋಚಿಸುವ ಹೊತ್ತು ಅದು.