ಸೊಟ್ಟಗಿದ್ದರೇ ಸರಿಯಾದ ಹೆಲಿಕಾಪ್ಟರ್

ನೆಲದ ಮೇಲೆ ನಿಂತ ಮಿ-24 ದಾಳಿ ಹೆಲಿಕಾಪ್ಟರಿನ ಫೋಟೋವನ್ನು ನೇರ ಎದುರಿನಿಂದ ನೋಡಿ. ಒಡಲು ಒಂದು ಕಡೆಗೆ ವಾಲಿದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆ ಇರಬೇಕು ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಅದು ನಿಲ್ಲುವುದೇ ಹಾಗೆ.

ಸ್ಕೇಲ್ ಮಾಡೆಲ್, ಅಂದರೆ ಅಳತೆಗೆ ತಕ್ಕಂತೆ ಕುಗ್ಗಿಸಿದ ಪುಟ್ಟ ಪ್ರತಿರೂಪ ಕಟ್ಟುವವರು ಜಾಸ್ತಿ ಎಡವುವುದು ಇಲ್ಲೇ. ಮೂಲೆಮಟ್ಟ ಹಿಡಿದು ಎಲ್ಲವನ್ನೂ ನೆಟ್ಟಗೆ ಅಂಟಿಸುತ್ತೇವೆ. ನಿಜವಾದ ಹೆಲಿಕಾಪ್ಟರ್ ನೆಟ್ಟಗಿರುವುದಿಲ್ಲ.

1969ರಲ್ಲಿ ಮೊದಲು ಹಾರಿದ ಸೋವಿಯತ್ ಯಂತ್ರ ಈ ಮಿ-24. ಇದರ ಮೇಲಿನ ರೋಟರ್, ಅಂದರೆ ಬ್ಲೇಡ್‌ಗಳ ದೊಡ್ಡ ಫ್ಯಾನ್, ಒಂದು ದಿಕ್ಕಿಗೆ ತಿರುಗಿದಾಗ ಒಡಲು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದ ರೋಟರ್ ಪಕ್ಕಕ್ಕೆ ಒತ್ತುತ್ತದೆ. ತಿರುಗುವುದೇನೋ ನಿಂತಿತು. ಆದರೆ ಆ ಒತ್ತಡಕ್ಕೆ ಇಡೀ ಹೆಲಿಕಾಪ್ಟರ್ ಎಡಕ್ಕೆ ಜಾರತೊಡಗುತ್ತದೆ. ಅದಕ್ಕೇ ಮೇಲಿನ ರೋಟರನ್ನು ಒಡಲಿಗಿಂತ 2.5 ಡಿಗ್ರಿ ಬಲಕ್ಕೆ ವಾಲಿಸಿ ಕೂರಿಸಿದರು. ನೆಲದ ಮೇಲೆ ರೋಟರ್ ಮಟ್ಟಸವಾಗಿರಬೇಕಲ್ಲ? ಹಾಗಾಗಿ ಚಕ್ರದ ಕಾಲುಗಳು ಒಡಲನ್ನು ಎಡಕ್ಕೆ ವಾಲಿಸಿ ಹಿಡಿಯುತ್ತವೆ. ಇಲ್ಲಿ ಎಡ ಎಂದರೆ ಪೈಲಟ್‌ನ ಎಡ, ಎದುರು ನಿಂತ ನಮಗೆ ಬಲ.

2.5 ಡಿಗ್ರಿ ಏನು ಮಹಾ ಎನ್ನಬೇಡಿ. ಒಡಲಿನ ಎರಡೂ ಬದಿಗೆ ಚಾಚಿದ ಗಿಡ್ಡ ರೆಕ್ಕೆಗಳ ತುದಿಯಿಂದ ತುದಿಗೆ 6.5 ಮೀಟರ್. 1:72 ಮಾಡೆಲ್‌ನಲ್ಲಿ, ಅಂದರೆ 72 ಪಟ್ಟು ಚಿಕ್ಕದರಲ್ಲಿ, ಅದು 9 ಸೆಂಟಿಮೀಟರ್. ಎರಡು ತುದಿಗಳ ಎತ್ತರದಲ್ಲಿ ಸುಮಾರು 4 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಇನ್ನು ರೋಟರ್ ಬ್ಲೇಡ್‌ಗಳು. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು. ನಿಂತ ಹೆಲಿಕಾಪ್ಟರಿನ ಬ್ಲೇಡ್ ತೆಂಗಿನ ಗರಿಯ ಹಾಗೆ ತನ್ನ ಭಾರಕ್ಕೇ ಬಾಗಿರುತ್ತದೆ. ತಿರುಗತೊಡಗಿದ ಮೇಲೆ ಹೊರಕ್ಕೆ ಎಳೆಯುವ ಬಲ ಅದನ್ನು ಬಿಗಿಯಾಗಿ ಚಾಚುತ್ತದೆ. ಮಾಡೆಲ್‌ನ ಪ್ಲಾಸ್ಟಿಕ್ ಬ್ಲೇಡ್ ಮಾತ್ರ ಬಾಗುವುದೇ ಇಲ್ಲ. ಏಕೆ? ಎಲ್ಲ ಅಳತೆಯನ್ನೂ 72 ಪಟ್ಟು ಕುಗ್ಗಿಸಿದರೆ ಭಾರ 72 ಪಟ್ಟಲ್ಲ, 72ರ ಘನದಷ್ಟು, ಅಂದರೆ 3,73,248 ಪಟ್ಟು ಕಡಿಮೆಯಾಗುತ್ತದೆ. ಗಟ್ಟಿತನ ಅಷ್ಟು ಬೇಗ ಇಳಿಯುವುದಿಲ್ಲ. ಅದೇ ವಸ್ತುವಿನಿಂದ ಮಾಡಿದರೂ, ಉದ್ದಕ್ಕೆ ಹೋಲಿಸಿದರೆ ಪುಟ್ಟ ಬ್ಲೇಡ್ 72 ಪಟ್ಟು ಕಡಿಮೆ ಬಾಗುತ್ತದೆ. ಇರುವೆ ತನ್ನ ಭಾರಕ್ಕೆ ಕುಸಿಯದಿರುವುದಕ್ಕೂ ಇದೇ ಲೆಕ್ಕ. ಹಾಗಾಗಿ ಆ ಬಾಗನ್ನು ನಾವೇ ಕೊಡಬೇಕು. ಬ್ಲೇಡನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗೆ ಬಗ್ಗಿಸಿ, ತಣ್ಣೀರಿಗೆ ಹಾಕಿದರೆ ಬಾಗು ಹಾಗೇ ಉಳಿಯುತ್ತದೆ. ಬುಡದಲ್ಲಿ ಮುರಿದಂತೆ ಬಗ್ಗಿಸಬಾರದು, ಉದ್ದಕ್ಕೂ ನಿಧಾನವಾಗಿ ಇಳಿಯಬೇಕು.

ಅಮೆರಿಕದ ದಾಳಿ ಹೆಲಿಕಾಪ್ಟರ್ ಅಪಾಚೆಯ ರೋಟರಿನ ಅಡ್ಡಳತೆ 48 ಅಡಿ. 1:48 ಕಿಟ್‌ನಲ್ಲಿ ಅದು ಸರಿಯಾಗಿ ಒಂದು ಅಡಿ. ಅಳೆದು ನೋಡಲು ಎಷ್ಟು ಸುಲಭ! ಆದರೆ ಅದರ ಬಾಲದಲ್ಲಿ ಒಂದು ವಿಚಿತ್ರವಿದೆ. ಅಲ್ಲಿನ ನಾಲ್ಕು ಬ್ಲೇಡ್‌ಗಳು ಕೂಡಿಸುವ ಚಿಹ್ನೆಯಂತೆ ನಿಂತಿಲ್ಲ. ಎರಡು ಜೋಡಿಗಳು ಕತ್ತರಿಯಂತೆ, 55 ಡಿಗ್ರಿ ಕೋನದಲ್ಲಿ ಒಂದನ್ನೊಂದು ದಾಟುತ್ತವೆ. ಸಮ ಅಂತರದಲ್ಲಿದ್ದರೆ ಸದ್ದೆಲ್ಲ ಕೆಲವೇ ಸ್ವರಗಳಲ್ಲಿ ಗುಡ್ಡೆಯಾಗಿ ದೂರಕ್ಕೆ ಕೇಳುತ್ತದೆ. ಅಂತರ ಬದಲಾದರೆ ಸದ್ದು ಹಲವು ಸ್ವರಗಳಿಗೆ ಹರಡಿ ಸ್ವಲ್ಪ ತಗ್ಗುತ್ತದೆ. ಇದನ್ನು 90 ಡಿಗ್ರಿಗೆ ಅಂಟಿಸಿದ ಮಾಡೆಲ್ ನೋಡಿದರೆ ನನಗೆ ಸಂಕಟವಾಗುತ್ತದೆ.

ಒಡಲಿನ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 5 ಮಿಲಿಮೀಟರ್ ರಿವೆಟ್ 1:72ರಲ್ಲಿ ತಲೆಗೂದಲಿನಷ್ಟು ದಪ್ಪ ಮಾತ್ರ.

ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ಎಚ್‌ಎಎಲ್‌ನ ದಾಳಿ ಹೆಲಿಕಾಪ್ಟರ್ ಪ್ರಚಂಡ ಕಂಡರೆ ಸುಮ್ನೆ ಚಂದದ ಫೋಟೋ ತೆಗೆದು ಬರಬೇಡಿ, ಮಾಡೆಲ್ ಕಟ್ಟುವಾಗ ನೋಡಿಕೊಳ್ಳಲು ಬರುವಂಥವನ್ನು ತೆಗೆಯಿರಿ. ನೇರ ಎದುರು ನಿಂತು, ಮಂಡಿಯೂರಿ, ಚಕ್ರದ ಎತ್ತರದಿಂದ ಒಂದು ತೆಗೆಯಿರಿ. ಬಾಲದ ರೋಟರಿನದು ಪಕ್ಕದಿಂದ ಒಂದು. ಬ್ಲೇಡಿನ ತುದಿ ಬುಡಕ್ಕಿಂತ ಎಷ್ಟು ಕೆಳಗಿದೆ ಎಂದು ಕಾಣುವಂತೆ ದೂರದಿಂದ ಇನ್ನೊಂದು.