ಒಂದು ಮನೆಗೆ, ಇನ್ನೊಂದು ಇಲ್ಲೇ

"ಒಟ್ಟಿಗೇ ಹುಟ್ಟಿದ್ದಲ್ವಾ ಡಾಕ್ಟ್ರೇ, ಹೋಗುವಾಗ ಮಾತ್ರ ಯಾಕೆ ಬೇರೆ ಬೇರೆ?" ಕಾಪುವಿನ ಅಜ್ಜಿಯೊಬ್ಬರು ಕೇಳಿದರು. ಅವಳಿಗಳಲ್ಲಿ ದೊಡ್ಡದಕ್ಕೆ ಅವತ್ತು ಡಿಸ್ಚಾರ್ಜ್. ಚಿಕ್ಕದು ಇನ್ನೂ ಎನ್‌ಐಸಿಯುವಿನಲ್ಲಿ, ಅಂದರೆ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ. ಉಡುಪಿಯಲ್ಲಿ ಎಳೆಮಕ್ಕಳನ್ನು ನೋಡುವ ನನಗೆ ಈ ಪ್ರಶ್ನೆ ಎದುರಾಗದ ತಿಂಗಳಿಲ್ಲ.

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಹೊಟ್ಟೆಯೊಳಗೇ ಒಂದಕ್ಕೆ ಪೋಷಣೆ ಕಡಿಮೆ ಸಿಕ್ಕಿರಬಹುದು. ಈ ಅಜ್ಜಿಯ ಮೊಮ್ಮಕ್ಕಳೇ ಒಂದು 1.9 ಕಿಲೋ, ಇನ್ನೊಂದು 1.4. ಆದರೆ ಸುಮ್ನೆ ತೂಕ ನೋಡಿ ನಾವು ಕಳಿಸುವುದಿಲ್ಲ. ವಾರ್ಮರ್ ಇಲ್ಲದೆ ಮೈ ಬೆಚ್ಚಗಿರಬೇಕು. ನಡುವೆ ಉಸಿರು ನಿಲ್ಲುವ ತೊಂದರೆ ಕೆಲವು ದಿನಗಳಿಂದ ಕಂಡಿರಬಾರದು. ಸುಸ್ತಾಗದೆ ಹಾಲು ಕುಡಿಯಬೇಕು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರಕ್ಕೂ ತಾಳ ಕೂಡುವುದು ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಟ್ಯೂಬು, ಆಮೇಲೆ ಹಾಲು ಕುಡಿಸುವ ಒಳಲೆ, ಆಮೇಲೆ ಎದೆ. ಒಂದು ಇವತ್ತು ಕಲಿತರೆ ಇನ್ನೊಂದು ಹತ್ತು ದಿನ ಬಿಟ್ಟು ಕಲಿಯಬಹುದು.

ನಿಜವಾದ ಕಷ್ಟ ಡಿಸ್ಚಾರ್ಜ್ ಆದ ಮೇಲೆ. ತಾಯಿ ಎಲ್ಲಿರಬೇಕು? ಬಾಣಂತಿ ನಲವತ್ತು ದಿನ ಹೊಸಿಲು ದಾಟಬಾರದು ಅಂತ ಮನೆಯವರು. ಇಲ್ಲಿ ಮಾತ್ರ ನಾನು ಅಜ್ಜಿಯರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಎಣ್ಣೆಸ್ನಾನ, ಕಷಾಯ ನಿಮ್ಮದು. ದಿನಕ್ಕೊಮ್ಮೆಯಾದರೂ ಅವಳನ್ನು ಇಲ್ಲಿಗೆ ಕಳಿಸಿ. ಆಗದ ದಿನ ಅಪ್ಪ ಬರಲಿ. ಅಂಗಿ ಬಿಚ್ಚಿ, ಮಗುವನ್ನು ಎದೆಗೆ ಒರಗಿಸಿಕೊಂಡು ಕೂರಲಿ. ಕಾಂಗರೂ ಆರೈಕೆಗೆ ಅಪ್ಪನ ಎದೆಯೂ ಆಗುತ್ತದೆ. ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಎಬ್ಬಿಸುವುದೇ ಕಷ್ಟ.

ಹಾಲು ಹಗಲು-ರಾತ್ರಿ ಸೇರಿ ಎಂಟು ಸಲವಾದರೂ ಹಿಂಡಬೇಕು. ಹೆಸರು, ತಾರೀಕು, ಹಿಂಡಿದ ಹೊತ್ತು ಬರೆದು ಐಸ್ ಪ್ಯಾಕ್ ಜೊತೆ ಕಳಿಸಿ. ಕುದಿಸಬೇಡಿ. ಸಾಲದಿದ್ದರೆ ಡಬ್ಬಿ ಹಾಲಿಗೆ ಓಡುವ ಮೊದಲು ನಮ್ಮನ್ನು ಕೇಳಿ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕೇ ಇದೆ.

ಎಲ್ಲರ ಜೀವ ಇಲ್ಲಿರುವ ಮಗುವಿನ ಮೇಲೆ. ಮನೆಗೆ ಹೋದದ್ದು ಮರೆತುಹೋಗುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ 2 ಕಿಲೋಗಿಂತ ಕಡಿಮೆ ಇದ್ದ ಮಗುವಿಗೆ ಹುಟ್ಟಿದ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಇಲ್ಲಿರುವುದಕ್ಕೆ ನಾವೇ ಮಾಡಿಸುತ್ತೇವೆ, ಮನೆಯಲ್ಲಿರುವುದನ್ನು ನೀವು ಕರೆತರಬೇಕು.

ಅಜ್ಜಿಗೆ ತಾರೀಕು ಬರೆದುಕೊಟ್ಟೆ. ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡರು. "ಹಾಗಾದ್ರೆ ಅವತ್ತು ಎರಡನ್ನೂ ಒಟ್ಟಿಗೆ ನೋಡಬಹುದಲ್ವಾ?" ಅಂದರು.